ಗಂಜಿ ಮಾವ ಗುಮ್ಮನಾದದ್ದು

ಗಂಜಿ ಮಾವನ ಮೇಲ್ದುಟಿ ಹುಟ್ಟಿನಿಂದಲೇ ಸೀಳಿತ್ತು. ಆ ಸೀಳಿನಲ್ಲಿ ಒಂದು ಹಲ್ಲು ಸದಾ ಹೊರಗೆ ಇಣುಕುತ್ತಿತ್ತು, ನಕ್ಕರೂ ಸರಿ, ಬೈದರೂ ಸರಿ. ಆಳು ಬಾಗಿಲು ತುಂಬುವಷ್ಟು ದೊಡ್ಡವನು. ಮೊಣಕೈವರೆಗೆ ಒಣಗಿದ ಗಂಜಿ ಬೆಳ್ಳಗೆ ಚಕ್ಕೆಯೆದ್ದಿರುತ್ತಿತ್ತು. ಬಿಸಿ ಕಾಪಿಯನ್ನು ಊದಿ ಕುಡಿಯಲು ಅವನಿಂದಾಗದು. ಗಾಳಿಯೆಲ್ಲ ಸೀಳಿನಲ್ಲಿ ಸೋರಿಹೋಗಿ 'ಸುಯ್' ಎಂಬ ಸದ್ದಷ್ಟೇ ಬರುತ್ತಿತ್ತು. ಅದನ್ನು ನೋಡಿ ನಗಲೆಂದೇ ನಾನೂ ನನ್ನ ತಮ್ಮನೂ ಅವನಿಗೆ ಕಾಪಿ ಕೊಡು ಕೊಡು ಎಂದು ಅವ್ವನನ್ನು ಕಾಡುತ್ತಿದ್ದೆವು. ಅವ್ವ ಕೊಡುತ್ತಿದ್ದಳು, ಆದರೆ ಅವನು ಲೋಟ ಕೆಳಗಿಡುವವರೆಗೂ ಅವಳ ಕಣ್ಣು ಅವನ ಮೇಲೆಯೇ.

ಅವನು ನಮಗೆ ನೆಂಟನಲ್ಲ. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಪಾವಿಗೆ ಗಂಜಿ ಹಚ್ಚುವುದು ಅವನ ಕೆಲಸ. ಪಾವು ಅಂದರೆ ಮಗ್ಗಕ್ಕೆ ಏರಿಸುವ ಮುನ್ನ ಬೀದಿಯುದ್ದಕ್ಕೂ ಬಿಗಿದು ಕಟ್ಟುವ ನೂಲು; ಕನ್ನಡನಾಡಿನವರು ಹಾಸು ಅನ್ನುತ್ತಾರಂತೆ. ಬೆಳಗಾಗುತ್ತಲೇ ಪಾವು ಕಟ್ಟಿದರೆಂದರೆ ಮುಗಿಯಿತು, ಅದನ್ನು ಯಾರೂ ದಾಟುವ ಹಾಗಿಲ್ಲ. ಎದುರುಮನೆಯಿಂದ ಬೆಂಕಿ ತರಬೇಕಾದರೂ ಪಾವಿನ ತುದಿಯವರೆಗೆ ನಡೆದು ಸುತ್ತಿಕೊಂಡೇ ಹೋಗಬೇಕು. ಮದುಮಗಳಾದರೂ ಅಷ್ಟೆ, ಹೆಣವಾದರೂ ಅಷ್ಟೆ.

ಮಕ್ಕಳು ಕೇಳಬೇಕಲ್ಲ? ಅದಕ್ಕೇ ಮಾವ ಒಂದು ಗುಮ್ಮನನ್ನು ಹುಟ್ಟಿಸಿದ್ದ. ದೊಡ್ಡ ಕುಂಚದಿಂದ ಗಂಜಿ ತೀಡುತ್ತಾ ತೀಡುತ್ತಾ ಹೇಳುವನು: "ಪಾವು ದಾಟಿದ್ ಮಕ್ಳ ವಾಸ್ನೆ ಗುಮ್ಮನ ಮೂಗಿಗೆ ಓಗ್ತೈತೆ ಕಣ್ರಲಾ. ಎಲ್ಲಿದ್ರೂ ಬತ್ತಾನೆ. ಬಾಯಾಗ್ ಆಕ್ಕಂಡ್ರೆ ಒಂದೇ ಗುಟುಕು!" ನಾವು ಕಿರುಚಿ ಓಡುತ್ತಿದ್ದೆವು, ಮರುಗಳಿಗೆಗೆ ಇನ್ನೊಮ್ಮೆ ಹೇಳು ಎಂದು ಅವನ ಪಕ್ಕದಲ್ಲೇ ಹಾಜರು.

ಅವ್ವನಿಗೆ ಇದೊಂದೂ ಸರಿಬರುತ್ತಿರಲಿಲ್ಲ. "ಎಂಡ್ರಿಲ್ಲ, ಮಕ್ಳಿಲ್ಲ. ಊರ್ ಮಕ್ಳ ಮ್ಯಾಲೆ ಅವನಿಗ್ಯಾಕೆ ಇಷ್ಟು ಅಕ್ಕರೆ? ಏನೋ ಐತೆ," ಅನ್ನುವಳು. ಅವಳೊಬ್ಬಳನ್ನೇ ಯಾಕೆ ಅನ್ನಲಿ, ಬೀದಿಗೆ ಬೀದಿಯೇ ಹಾಗಿತ್ತು. ಕಾವೇರಿಗೆ ಅಣೆ ಕಟ್ಟುವಾಗ ಮಕ್ಕಳನ್ನು ಹಿಡಿದು ಬಲಿ ಕೊಡುತ್ತಾರೆಂದು ಸುದ್ದಿ ಹಬ್ಬಿತ್ತು. ಅಣೆ ಮುಗಿದು ನೀರು ನಿಂತರೂ ಜನರ ಭಯ ಇಳಿದಿರಲಿಲ್ಲ. ಗೋಣಿಚೀಲ ಹೊತ್ತವನು ಬಂದರೆ ತಾಯಂದಿರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನೂ ಅವ್ವನ ಮಗಳೇ, ಈಗಲೂ ಹೊಸಬರು ಬಂದರೆ ಮೊದಲು ಅವರ ಕೈಯಲ್ಲೇನಿದೆ ಎಂದು ನೋಡುತ್ತೇನೆ.

ಸೇಲಂನಲ್ಲಿ ಟಾಕಿ ಪಡ, ಅಂದರೆ ಮಾತಾಡುವ ಸಿನಿಮಾ, ತೆಗೆಯುವ ಕಾಲ ಆಗಷ್ಟೇ ಬಂದಿತ್ತು. ಸೀರೆ ಕೊಳ್ಳಲು ಬಂದ ಒಬ್ಬ ಕಂಪೆನಿಯವನು ಮಾವನ ಗುಮ್ಮನ ಕಥೆ ಕೇಳಿ ನಿಂತಲ್ಲೇ ಮೆಚ್ಚಿದ. ಅದನ್ನೇ ತಮಿಳಿನಲ್ಲಿ ಪಡ ಮಾಡುತ್ತೇವೆ, ಗುಮ್ಮನ ವೇಷ ನಿನ್ನದೇ, ಹೊಸ ಹಲ್ಲು ಅಂಟಿಸುವುದೂ ಬೇಡ ಅಂದನಂತೆ. ಕಥೆ ಗೊತ್ತಿದ್ದ ನಮ್ಮ ಬೀದಿಯ ಮಕ್ಕಳೇ ಆಗಲಿ ಎಂದೂ ಆಯಿತು. ಅವ್ವ ಸುತಾರಾಂ ಒಪ್ಪಲಿಲ್ಲ. ಅಪ್ಪ ಮಗ್ಗದ ಗುಣಿಯಿಂದಲೇ, "ಅವ್ನು ಜತೇಲೇ ಇರ್ತಾನಲ್ಲ, ಬಿಡೇ," ಅಂದ. ಅವ್ವ ನಮ್ಮಿಬ್ಬರ ಕೈಗೂ ಕಪ್ಪು ದಾರ ಕಟ್ಟಿ ತಾನೂ ಬಂದಳು. ಗೇಟಿನಲ್ಲೇ ಅವಳನ್ನು ತಡೆದರು. ಒಳಗೇನು ನಡೆಯುತ್ತದೋ ಎಂದು ಅವಳು ಗೇಟಿನ ಹೊರಗೇ ಕೂತಳು.

ಕಂಪೆನಿಯವರು ಕಥೆಯನ್ನು ತಿದ್ದಿದ್ದರು. ಗುಮ್ಮ ಅಟ್ಟಿಸಿಕೊಂಡು ಬರಬೇಕು, ನಾವು ಓಡಿ ಓಡಿ ಪಾವು ಹಾರಿ ಆಚೆ ಹೋಗಬೇಕು, ಗುಮ್ಮ ನೂಲಿಗೆ ಸಿಕ್ಕಿ ಬೀಳಬೇಕು. ಹಗಲಿನಲ್ಲೇ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಿ, ಪಂಜು ಹಚ್ಚಿ ನಿಲ್ಲಿಸಿದ್ದರು. ನಾವು ಓಡಿದೆವು. ಪಾವಿನ ಹತ್ತಿರ ಬಂದು ಎಲ್ಲರೂ ನಿಂತುಬಿಟ್ಟೆವು.

"ತಾಂಡು! ತಾಂಡು!" ಎಂದು ಪಡ ತೆಗೆಯುವ ಯಜಮಾನ ಕೂಗಿದ.

"ಪಾವು ಸಾರ್, ತಾಂಡಕೂಡಾದು," ಅಂದೆ ನಾನು. ದಾಟಬಾರದು ಎಂದು ಆ ಮನುಷ್ಯನಿಗೆ ಗೊತ್ತಿಲ್ಲವೇ ಎಂದು ನನಗೆ ಆಶ್ಚರ್ಯ.

ಹಿಂದೆ ನೋಡಿದರೆ ಗುಮ್ಮನೂ ನಿಂತಿದ್ದಾನೆ. "ಮಕ್ಳು ಸರಿಯಾಗೇ ಯೋಳ್ತಾ ಅವ್ರೆ ಸಾರ್. ನಾನೂ ದಾಟಲ್ಲ," ಅಂದ.

ಯಜಮಾನನಿಗೆ ಸಿಟ್ಟು ನೆತ್ತಿಗೇರಿತು. ಒಂದು ಮಗು ಆಚೆಗಿದ್ದರೆ ಉಳಿದವು ಹಾರುತ್ತವೆ ಎಂದು ನನ್ನ ತಮ್ಮನನ್ನು ಎತ್ತಿಸಿ ಆಚೆ ನಿಲ್ಲಿಸಿದ. ಮತ್ತೆ ಪಡದ ಯಂತ್ರ ಓಡತೊಡಗಿತು. ತಮ್ಮ ಒಬ್ಬನೇ ಅಳುತ್ತಾ ಹಿಂದೆ ಹಿಂದೆ ಸರಿದು ಪಂಜಿನ ಕೋಲಿಗೆ ಬಡಿದ. ಪಂಜು ಉರುಳಿತು. ಅವನ ಪಂಚೆಯ ಹಿಂಬದಿಗೆ ಬೆಂಕಿ ಹತ್ತಿತು.

ಕಂಪೆನಿಯವರು ಕೂಗಿದರೇ ಹೊರತು ಒಬ್ಬರೂ ಮುಂದೆ ಹೋಗಲಿಲ್ಲ. ಮಾವ ಸುತ್ತಿಕೊಂಡು ಹೋಗಲಿಲ್ಲ. ನೇರ ಪಾವಿನ ಮೇಲೇ ನುಗ್ಗಿದ. ಪಟಪಟ ನೂಲು ಹರಿಯಿತು, ಕಾಲಿಗೆ ಸುತ್ತಿತು, ಬಿದ್ದ, ಬಿದ್ದಲ್ಲಿಂದಲೇ ತಮ್ಮನನ್ನು ಸೆಳೆದು ಬರಿಗೈಯಲ್ಲಿ ಬಡಿದು ಬಡಿದು ಬೆಂಕಿ ಆರಿಸಿದ. ಬದುಕಿನುದ್ದಕ್ಕೂ ಪಾವಿಗೆ ಒಂದು ಬೆರಳು ತಗಲದ ಹಾಗೆ ನಡೆದವನು ಅವನು.

ಗೇಟಿನಾಚೆ ಕಾದಿದ್ದ ಅವ್ವನಿಗೆ ಕಂಡದ್ದು ಬೇರೆ. ಮಗನ ಮೀನಖಂಡ ಸುಟ್ಟಿದೆ, ಮಗ "ಗುಮ್ಮ ಒಡ್ದ, ಗುಮ್ಮ ಒಡ್ದ" ಎಂದು ಬಿಕ್ಕುತ್ತಿದ್ದಾನೆ, ಕಂಪೆನಿಯವರು ತುಟಿ ಬಿಚ್ಚುತ್ತಿಲ್ಲ. ನಡೆದದ್ದನ್ನು ನಾನು ಬಾಯಿ ಬಡಿದುಕೊಂಡು ಹೇಳಿದೆ. ಅವ್ವ ನನ್ನ ಗಲ್ಲ ಹಿಡಿದು ಬಾಯೊಳಗೆ ಇಣುಕಿದಳು. "ಇವ್ಳಿಗೆ ಏನೋ ತಿನ್ಸವ್ನೆ! ಅದಕ್ಕೇ ಅವನ ಪರ ವಕೀಲಿ!"

ಬೀದಿಯ ಹಿರಿಯರು ಅಷ್ಟು ದೂರ ಹೋಗಲಿಲ್ಲ. ಪಾವು ತುಳಿದೆಯಾ ಎಂದು ಕೇಳಿದರು. ತುಳಿದೆ ಅಂದ. ಅಷ್ಟೇ ಸಾಕಾಯಿತು, ಅಂದಿನಿಂದ ಯಾರೂ ಅವನಿಗೆ ಪಾವು ಕೊಡಲಿಲ್ಲ. ಅಂಗೈಗೆ ಬಟ್ಟೆ ಸುತ್ತಿಕೊಂಡು ನಮ್ಮ ಮನೆಗೆ ಬಂದು, "ಮಗ ಎಂಗವ್ನಮ್ಮ?" ಎಂದು ಕೇಳಿದ. ಅವ್ವ ಬಾಗಿಲು ಹಾಕಿಕೊಂಡಳು. ಅವನು ಮೇಚೇರಿ ಕಡೆ ಹೋಗಿ ಯಾರದೋ ಕುರಿ ಕಾಯುತ್ತಿದ್ದಾನೆಂದು ಆಮೇಲೆ ಕೇಳಿದೆವು.

ಪಡ ಡೇರೆಗೆ ಬಂದಾಗ ಅವ್ವನೇ ಮೊದಲು ಹೊರಟಳು. "ಏನ್ ಮಾಡವ್ನೋ ಕಣ್ಣಾರೆ ನೋಡ್ಬೇಕು." ಸೆರಗು ಸೊಂಟಕ್ಕೆ ಬಿಗಿದು ಮುಂದೆಯೇ ಕೂತಳು. ಕಂಪೆನಿಯವರು ಅಂದು ನಡೆದದ್ದನ್ನೂ ಬಿಟ್ಟಿರಲಿಲ್ಲ! ಪರದೆಯ ಮೇಲೆ ಗುಮ್ಮ ಪಾವು ಹರಿದು ಬರುತ್ತಾನೆ, ಮಗುವಿನ ಮೇಲೆ ಬೀಳುತ್ತಾನೆ, ಹೊಡೆಯುತ್ತಾನೆ. ಬೆಂಕಿ ಹತ್ತಿದ್ದು ತಮ್ಮನ ಹಿಂಬದಿಗೆ, ಪರದೆಯಲ್ಲಿ ಅದು ಬಿದ್ದೇ ಇಲ್ಲ. ಹೆಂಗಸರು ಚೀರಿದರು. ನಮ್ಮ ಬೀದಿಯವರು, "ನೋಡುದ್ರಾ, ನೋಡುದ್ರಾ!" ಅಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಆಮೇಲೆ ಗುಮ್ಮ ಮಗುವಿನ ಕಾಲು ಎತ್ತಿ ಹಿಡಿದು, ಕೆನ್ನೆ ಉಬ್ಬಿಸಿ ಊದಿದ. ಸುಯ್. ಮತ್ತೆ ಊದಿದ. ಸುಯ್. ಇಡೀ ಡೇರೆ ಬಿದ್ದು ಬಿದ್ದು ನಕ್ಕಿತು. ನಗಿಸಲೆಂದೇ ಕಂಪೆನಿಯವರು ಅದನ್ನು ಉಳಿಸಿರಬೇಕು.

ಅವ್ವ ನಗಲಿಲ್ಲ. "ಸುಟ್ಟ ಗಾಯಕ್ಕಲ್ವೇನೇ ಊದೋದು?" ಎಂದು ನನ್ನ ತೋಳು ಹಿಡಿದಳು. "ತಾನೇ ಸುಟ್ಟೋನು ಯಾಕೆ ಊದ್ತಾನೆ?"

ಮೇಚೇರಿಯ ಸಂತೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಕುರಿಗಳ ನಡುವೆ ಮಾವ ಸಿಕ್ಕಿದ. "ಅಣ್ಣಾ, ತಪ್ಪಾಗೋಯ್ತು. ನಮ್ಮನೆ ಪಾವು ಕಾಯ್ತಾ ಐತೆ, ಬಾ," ಅಂದಳು.

ಅವನು ಅವಳ ಹಿಂದೆ, ಅಕ್ಕಪಕ್ಕ ಎಲ್ಲ ನೋಡಿದ. "ಯಾರ್ ಕಳಿಸಿದ್ರಮ್ಮಾ ನಿನ್ನ?" ಅಂದ. ತಮ್ಮ ಹತ್ತಿರ ಹೋದರೆ ಎರಡು ಹೆಜ್ಜೆ ಹಿಂದೆ ಸರಿದ. "ಮಗಾನ ದೂರ ಇಡ್ಕ ತಾಯಿ. ಜನ ನೋಡ್ತಾ ಅವ್ರೆ."

ಅವನಿಗೆ ಆ ಮಾತು ಕಲಿಸಿದವರು ನಾವು. ಅವ್ವ ಸಂತೆಯ ನಡುವೆ ಕೂತು ಅತ್ತಳು. ಅವನು ಬರಲಿಲ್ಲ. ಆಮೇಲೆ ಎಷ್ಟು ಸಲ ಹೇಳಿ ಕಳಿಸಿದರೂ ಬರಲಿಲ್ಲ.

ಅವನು ತೀರಿಕೊಂಡ ಸುದ್ದಿ ಬಂದಾಗ ತಮ್ಮನಿಗೆ ಮೀಸೆ ಚಿಗುರುತ್ತಿತ್ತು. ಮೇಚೇರಿಯಲ್ಲಿ ಕೊಳ್ಳಿ ಇಡಲು ಯಾರೂ ಇಲ್ಲ ಅಂದರು. ತಮ್ಮ ಅವ್ವನ ಮುಖ ನೋಡಿದ. ಹೆತ್ತ ಅಪ್ಪ ಮಗ್ಗದಲ್ಲಿ ಜೀವಂತ ಕೂತಿರುವಾಗ ಮಗ ಬೇರೊಬ್ಬನಿಗೆ ಕೊಳ್ಳಿ ಇಡಲು ತಲೆ ಬೋಳಿಸಿಕೊಳ್ಳುವುದು ನಮ್ಮಲ್ಲಿ ಕನಸಿನಲ್ಲೂ ಇಲ್ಲ. ಬೀದಿಯವರು ಬಾಗಿಲಿಗೇ ಬಂದು, ಗಂಡನಿಗೆ ಕೇಡು ಬಯಸುತ್ತೀಯಾ ಎಂದು ಅವ್ವನನ್ನು ಕೇಳಿದರು. ನೆರಳನ್ನೂ ನಂಬದ ಅವ್ವ ಅಂದು ಅವರ ನಡುವೆಯೇ ಹೊರಗೆ ಬಂದಳು. ನಾಯಿಂದನನ್ನು ತಾನೇ ಕರೆಸಿ, ತಮ್ಮನನ್ನು ಅಂಗಳದಲ್ಲಿ ಕೂರಿಸಿ, "ಬೋಳ್ಸಪ್ಪಾ," ಅಂದಳು, "ಇವನ ಮಾವ ಸತ್ತವ್ನೆ."