ಒಂದು ಗಾಲಿಗೆ ಎರಡು ಮಜೂರಿ

ಮಶಾಕಸಾಬನಿಗೆ ಕೂತ ಜಾಗದಲ್ಲಿ ಕೂತಿರುವುದು ಗೊತ್ತೇ ಇರಲಿಲ್ಲ. ವಿಜಾಪುರದ ಜೋರಾಪುರ ಪೇಟೆಯಲ್ಲಿ ಅವನದೊಂದು ಫಟಫಟಿ, ಅಂದರೆ ಮೋಟಾರ್ ಸೈಕಲ್ ರಿಪೇರಿಯ ಅಂಗಡಿ. ಅಂಗಡಿಯೆಂದರೆ ಮನೆಯ ಮುಂದಿನ ಕಟ್ಟೆ, ಮೇಲೆ ನಾಲ್ಕು ತಗಡು. ಆ ಕಟ್ಟೆಯ ಮೇಲೆ ಗಿರಾಕಿಗಳು ಕೂರುತ್ತಿದ್ದರು, ಬೀದಿಯ ಮುದುಕರು ಕೂರುತ್ತಿದ್ದರು, ಕಟ್ಟೆಯ ಮಾಲೀಕ ಮಾತ್ರ ಚಹಾದ ಬಸಿ ಹಿಡಿದುಕೊಂಡು ಅತ್ತಿಂದಿತ್ತ ತಿರುಗುತ್ತಿದ್ದ. ಊಟಕ್ಕೆ ಕೂತಾಗ ಬೀದಿಯಲ್ಲಿ ಯಾವುದಾದರೂ ಗಾಡಿ ಹೋದರೆ ತುತ್ತು ಕೈಯಲ್ಲೇ ಉಳಿದು ಅವನು ಬಾಗಿಲಿಗೆ ಬಂದಿರುತ್ತಿದ್ದ. ಈ ಮನುಷ್ಯನ ಕಾಲಿಗೆ ಗಾಲಿ ಹಚ್ಚುವುದೊಂದನ್ನು ದೇವರು ಮರೆತ ಎಂದು ಹೆಂಡತಿ ಹಾಜಿರಾಬಿ ಓಣಿಯವರ ಮುಂದೆ ನಗುತ್ತಿದ್ದಳು.

ಅವನು ಸುಮ್ಮನೆ ನಿಲ್ಲುತ್ತಿದ್ದುದು ಒಂದೇ ಹೊತ್ತಿನಲ್ಲಿ. ರಿಪೇರಿ ಮಾಡಿದ ಗಾಲಿಯನ್ನು ಗಾಡಿಗೆ ಕೂಡಿಸಿ, ನೆಲಕ್ಕೆ ತಾಕದಂತೆ ಎತ್ತಿ ಹಿಡಿದು, ಜೋರಾಗಿ ಒಮ್ಮೆ ತಿರುಗಿಸುತ್ತಿದ್ದ. ಅದು ತಾನಾಗಿ ನಿಲ್ಲುವವರೆಗೆ ಕಿವಿಗೊಟ್ಟು ಕೇಳುತ್ತಿದ್ದ. ಗಾಲಿ ನಿಂತ ಮೇಲೆಯೇ ಗಾಡಿ ಗಿರಾಕಿಯ ಕೈಗೆ.

ಇಷ್ಟೆಲ್ಲ ಸರಿ, ಆದರೆ ಮಜೂರಿಯ ಮಾತು ಬಂದರೆ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೆ ಕಾರಣವೂ ಇತ್ತೆನ್ನಿ. ನಮ್ಮ ಜನ ಟೈರು ಮಾರುವ ಅಂಗಡಿಯಲ್ಲಿ ಹೇಳಿದ ಬೆಲೆಗೆ ತಲೆಬಾಗಿಸಿ ರೊಕ್ಕ ಎಣಿಸಿ ಬರುತ್ತಾರೆ. ಆ ಟೈರು ಏರಿಸುವವನ ಮುಂದೆ ಬಂದ ಕೂಡಲೇ ಎಲ್ಲಿಲ್ಲದ ಲೆಕ್ಕಾಚಾರ ನೆನಪಾಗುತ್ತದೆ. ಸಾಮಾನಿಗೆ ಬೆಲೆ ಉಂಟು, ಬೆವರಿಗೆ ಚೌಕಾಸಿ.

ಪೆಟ್ರೋಲು ತುಟ್ಟಿಯಾದ ಮರುವರ್ಷದ ಮಾತು. ಒಂದು ಮುಂಜಾನೆ ಬಬಲೇಶ್ವರದ ಗುರುಪಾದಯ್ಯ ತನ್ನ ಹಳೆಯ ರಾಜದೂತ ಗಾಡಿಯನ್ನು ತಂದು ನಿಲ್ಲಿಸಿದ. ಊರಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ತಿಕೋಟಾದ ತವರಿಗೆ ಹೋದ ಹೆಂಡತಿಯನ್ನು ಕರೆದುಕೊಂಡು ಸಂಜೆಯೊಳಗೆ ಬಬಲೇಶ್ವರ ಸೇರಬೇಕು, ಲಗೂನ ಮಾಡಿಕೊಡಿರೆಂದ. ಮುಂದಿನ ಗಾಲಿಗೆ ಹೊಸ ಟೈರು ಹಾಕಬೇಕಿತ್ತು, ಗಾಲಿಯೊಳಗಿನ ಬೇರಿಂಗುಗಳೂ ಸವೆದಿದ್ದವು. ಮಶಾಕಸಾಬ ಟೈರಿಗೆ ಎರಡು ರೂಪಾಯಿ, ಬೇರಿಂಗಿಗೆ ಮೂರು ರೂಪಾಯಿ ಮಜೂರಿ ಹೇಳಿದ.

"ಗಾಲಿ ಬಿಚ್ಚೂದು ಒಮ್ಮೆ, ಕೂಡ್ಸೂದು ಒಮ್ಮೆ. ಮಜೂರಿ ಹೆಂಗ ಎರಡಾತ್ರಿ ಮಶಾಕಸಾಬ್ರ?" ಎಂದ ಗುರುಪಾದಯ್ಯ.

ಟೈರು ಇರುವುದು ಗಾಲಿಯ ಹೊರಸುತ್ತಿಗೆ, ಬೇರಿಂಗು ಕೂತಿರುವುದು ಅದರ ಹೊಟ್ಟೆಯಲ್ಲಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವೆಂದು ಸಮಾಧಾನದಿಂದ ತಿಳಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕಟ್ಟೆಯ ಮೇಲಿನ ಮುದುಕರು ಗುರುಪಾದಯ್ಯನ ಮಾತಿಗೆ ಹೌದೆಂಬಂತೆ ನಕ್ಕರು. ಆ ನಗು ಮಶಾಕಸಾಬನಿಗೆ ಚುಚ್ಚಿತು. ಹಾಗಾದರೆ ಟೈರಿನದಷ್ಟೇ ಕೊಡಿ, ಬೇರಿಂಗಿನದು ಬೇಡವೇ ಬೇಡ ಎಂದು ಎರಡು ರೂಪಾಯಿ ಇಸಿದುಕೊಂಡು ಕಿಸೆಗೆ ಹಾಕಿದ. ಆಮೇಲೆ ಸುತ್ತಿಗೆ ಮಾತ್ರ ಎಂದಿಗಿಂತ ಜೋರಾಗಿ ಮಾತಾಡುತ್ತಿತ್ತು. ಟೈರು ಏರಿಸಿದ, ಹೊಸ ಬೇರಿಂಗುಗಳನ್ನೂ ಬಡಿದ, ಗಾಲಿ ಕೂಡಿಸಿದ, ನಟ್ಟು ಬಿಗಿದ, ಗಾಡಿಯನ್ನು ಮುಂದಕ್ಕೆ ದೂಡಿದ. ತಿರುಗಿಸಿ ಕೇಳುವ ಕೆಲಸಕ್ಕೆ ಆ ದಿನ ಅವನ ಕಿವಿ ಬಿಡುವಾಗಿರಲಿಲ್ಲ.

ಮಧ್ಯಾಹ್ನ, ಬಿಚ್ಚಿದ ಸಾಮಾನು ನೆನೆಹಾಕುವ ಸೀಮೆಎಣ್ಣೆಯ ತಾಟು ತೊಳೆಯಲು ಕೈ ಹಾಕಿದಾಗ ತಳದಲ್ಲಿ ಬೆರಳುದ್ದದ ಕಬ್ಬಿಣದ ನಳಿಗೆ ಸಿಕ್ಕಿತು. ಎರಡು ಬೇರಿಂಗುಗಳ ನಡುವೆ ಇರಬೇಕಾದ ನಳಿಗೆ ಅದು. ಅದಿಲ್ಲದೆ ನಟ್ಟು ಬಿಗಿದರೆ ಬೇರಿಂಗುಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ, ಕಾಯುತ್ತವೆ, ಕಾದು ಕಾದು ಒಮ್ಮೆಲೇ ಗಾಲಿಯನ್ನು ಹಿಡಿದು ನಿಲ್ಲಿಸುತ್ತವೆ. ಓಡುವ ಗಾಡಿಯ ಮುಂದಿನ ಗಾಲಿ ಹಾಗೆ ನಿಂತರೆ ಮೇಲಿದ್ದವರ ಗತಿ ಏನೆಂದು ಮಶಾಕಸಾಬನಿಗೆ ಯಾರೂ ಹೇಳಬೇಕಿರಲಿಲ್ಲ. ಆ ದಿನ ಅವನು ಬಿಚ್ಚಿದ್ದು ಗುರುಪಾದಯ್ಯನ ಗಾಲಿಯೊಂದನ್ನೇ.

ನಳಿಗೆ, ಪಾನಾ, ಸುತ್ತಿಗೆ, ಇನ್ನೊಂದು ಜೊತೆ ಬೇರಿಂಗು ಚೀಲಕ್ಕೆ ತುರುಕಿದ. ಹಾಜಿರಾಬಿ ರೊಟ್ಟಿ ಆರುತ್ತದೆ ಎಂದು ಕೂಗುತ್ತಿದ್ದಂತೆ ಬಸ್ ಸ್ಟ್ಯಾಂಡಿಗೆ ಓಡಿದ. ತಿಕೋಟಾದ ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು. ಇಟ್ಟಂಗಿಹಾಳಕ್ಕೆ ಹೋಗುವ ಮುದುಕಿಯೊಬ್ಬಳು ಗಂಟು ಇಳಿಸಿಕೊಳ್ಳುವಷ್ಟು ಹೊತ್ತು ಇವನ ಜೀವ ಬಾಯಿಗೆ ಬಂದಿತ್ತು. ಸೀಟು ಖಾಲಿಯಿದ್ದರೂ ಕೂರದೆ ಡ್ರೈವರನ ಬೆನ್ನ ಹಿಂದೆ ಕಂಬ ಹಿಡಿದು ನಿಂತ. ಮರೆತೆ, ಮನುಷ್ಯ ಅಂದ ಮೇಲೆ ಮರೆಯುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಇಷ್ಟು ವರ್ಷ ಮರೆಯದ ಕೈ ಇವತ್ತೇ ಏಕೆ ಮರೆಯಿತು? ಮಜೂರಿ ಕಡಿಮೆಯಾಯಿತೆಂದು ಕೈಯೇ ಕೆಲಸ ಕಡಿಮೆ ಮಾಡಿತೇ? ಈ ಪ್ರಶ್ನೆ ಅವನನ್ನು ಹೆದರಿಸಿತು.

ತಿಕೋಟಾದಲ್ಲಿ ಗುರುಪಾದಯ್ಯನ ಮಾವನ ಮನೆ ಹುಡುಕಿಕೊಂಡು ಹೋದರೆ, ಅಳಿಯ ಹೋಳಿಗೆ ಉಂಡು ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಆಗಷ್ಟೇ ಹೊರಟನೆಂದರು. ಬಬಲೇಶ್ವರಕ್ಕೆ ಜೀಪು ಹೊಡೆಯುವ ಗೊಲ್ಲಾಳಪ್ಪ ಹೊರಡಲು ಸಿದ್ಧನಾಗಿದ್ದ. ಒಳಗೆ ಜನ, ಮೇಲೆ ಜೋಳದ ಚೀಲ. ಮಶಾಕಸಾಬ ಬಾಗಿಲಿನ ಮೆಟ್ಟಿಲ ಮೇಲೆ ನಿಂತೇ ಹೊರಟ. ದಾರಿಯುದ್ದಕ್ಕೂ ಲಗೂನ, ಲಗೂನ ಎಂದು ಗೊಲ್ಲಾಳಪ್ಪನ ತಲೆ ತಿಂದ.

ಊರು ದಾಟಿ ಎರೆಹೊಲಗಳ ನಡುವೆ ಸ್ವಲ್ಪ ದೂರ ಹೋದ ಮೇಲೆ ಮುಂದೆ ರಾಜದೂತ ಕಂಡಿತು. ಹಿಂದೆ ಕೂತ ಹೆಣ್ಣುಮಗಳ ಹಸಿರು ಸೆರಗು ಗಾಳಿಗೆ ಹಾರುತ್ತಿತ್ತು. ಮಶಾಕಸಾಬ ಒಂದು ಕೈಯಲ್ಲಿ ಜೀಪು ಹಿಡಿದು, ಇನ್ನೊಂದು ಕೈಯಲ್ಲಿ ನಳಿಗೆ ಎತ್ತಿ ಬೀಸುತ್ತ, ನಿಲ್ಲಿಸಿರೆಂದು ಗಂಟಲು ಹರಿಯುವಂತೆ ಕೂಗಿದ. ಗುರುಪಾದಯ್ಯ ತಿರುಗಿ ನೋಡಿದ. ಆಮೇಲೆ ಅವನೇ ಹೇಳಿಕೊಂಡಂತೆ, ಅವನಿಗೆ ಕಂಡದ್ದು ಬಿಟ್ಟ ಮೂರು ರೂಪಾಯಿ ವಸೂಲು ಮಾಡಲು ಜೀಪು ಹತ್ತಿ, ಕೈಯಲ್ಲಿ ಕಬ್ಬಿಣ ಹಿಡಿದು ಬರುತ್ತಿರುವ ಮಶಾಕಸಾಬ. ಹೆಂಡತಿಯ ಮುಂದೆ, ಹಾದಿಬೀದಿಯಲ್ಲಿ ಮಾನ ಹೋಗುವುದು ಬೇಡವೆಂದು ಅವನು ಗಾಡಿಯ ಕಿವಿ ಹಿಂಡಿದ. ರಾಜದೂತ ಹಾರಿತು.

ಜೀಪು ಹತ್ತಿರವಾದಷ್ಟೂ ಗಾಡಿ ಜೋರಾಯಿತು. ಅದರ ಮುಂದಿನ ಗಾಲಿಯಿಂದ ಬರುತ್ತಿದ್ದ ನರಳಾಟ ಮಶಾಕಸಾಬನಿಗೆ ಅಷ್ಟು ದೂರದಿಂದಲೂ ಕೇಳಿಸಿದಂತಾಯಿತು. ಆಗ ಅವನಿಗೆ ಹೊಳೆಯಿತು. ತಾನು ಬೆನ್ನು ಹತ್ತಿದಷ್ಟೂ ಅವರನ್ನು ಸಾವಿನ ಕಡೆಗೇ ಓಡಿಸುತ್ತಿದ್ದೇನೆ.

ಜೀಪು ನಿಲ್ಲಿಸಲು ಹೇಳಿ ಕೆಳಗಿಳಿದ. ನಳಿಗೆಯನ್ನು ಗೊಲ್ಲಾಳಪ್ಪನ ಕೈಗಿಟ್ಟ.

"ನಿನ್ನ ಗುರ್ತು ಅವರಿಗೈತಿ. ನಾ ಕಾಣಲಿಲ್ಲಂದ್ರ ಗಾಡಿ ಹಗೂರ ಮಾಡತಾರ. ಇದು ಗಾಲಿ ಒಳಗಿಂದು, ಮಶಾಕ ಹಾಕಾಕ ಮರ್ತಾನ, ಗಾಡಿ ನಿಂದರ್ಸ್ರಿ ಅಂತ ಹೇಳು. ರೊಕ್ಕದ ಮಾತಲ್ಲ ಅಂತ ಮದಲ ಹೇಳು."

ಜೀಪು ಹೋಯಿತು. ಮಶಾಕಸಾಬ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಎದ್ದು ಓಡಿದರೆ ಮುಂದಿನ ಏರಿನ ಮೇಲೆ ತಾನು ಅವರಿಗೆ ಕಂಡೇನೆಂಬ ಹೆದರಿಕೆ. ಏಳಲು ಹವಣಿಸುವ ಮೊಣಕಾಲುಗಳನ್ನು ಎರಡೂ ಕೈಗಳಿಂದ ಒತ್ತಿ ಹಿಡಿದುಕೊಂಡ. ಧೂಳು ಅಡಗಿ, ಜೀಪಿನ ಸಪ್ಪಳ ಪೂರ್ತಿ ಸತ್ತ ಮೇಲೆಯೇ ಎದ್ದು ನಡೆಯತೊಡಗಿದ. ಅಷ್ಟು ಉದ್ದದ ದಾರಿಯನ್ನು ಅವನು ಹಿಂದೆಂದೂ ನಡೆದಿರಲಿಲ್ಲ.

ಏರು ಇಳಿದ ಮೇಲೆ ಒಂದು ಬೇವಿನ ಗಿಡದ ಕೆಳಗೆ ಗಾಡಿ ನಿಂತಿತ್ತು. ಜೀಪು ತನ್ನ ದಾರಿ ಹಿಡಿದು ಹೋಗಿತ್ತು. ಗುರುಪಾದಯ್ಯ ಗಾಲಿಯ ನಡುವನ್ನು ಮುಟ್ಟಿ ಬೆರಳು ಸುಟ್ಟುಕೊಂಡು, ಬೆರಳನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಹೆಂಡತಿ ರೇಣುಕವ್ವ ನಳಿಗೆ ಹಿಡಿದು ನಿಂತಿದ್ದಳು. ಮಜೂರಿಯ ಜಗಳವನ್ನೆಲ್ಲ ಗಂಡ ಅಷ್ಟರಲ್ಲಿ ಹೇಳಿದ್ದನೆಂದು ಕಾಣುತ್ತದೆ.

"ಎರಡನೇ ಮಜೂರಿ ಕೊಡಲಿಲ್ಲಂತ ಇದನ್ನ ಹೊರಗ ಬಿಟ್ರೇನ್ರಿ ಅಣ್ಣಾರ?" ಎಂದು ಕೇಳಿದಳು. ದನಿ ಏರಿಸಿರಲಿಲ್ಲ.

ಇಲ್ಲವೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಮಶಾಕಸಾಬನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

"ಬೇಕಂತ ಬಿಟ್ಟಿಲ್ಲ ತಂಗಿ. ಸಿಟ್ಟಿನಾಗ ಮರ್ತೆ. ಸಿಟ್ಟು ಇವರ ಮ್ಯಾಲಿತ್ತು. ಹಿಂದ ನೀ ಕುಂದರಾಕಿ ಅನ್ನೂದು ನನ್ನ ತಲಿಯಾಗ ಬರಲೇ ಇಲ್ಲ."

ಹೇಳುತ್ತಿದ್ದಂತೆ ಅವನಿಗೆ ಅಳು ಬಂತು. ಮುಖ ತಿರುಗಿಸಿ ಗಾಲಿ ಬಿಚ್ಚತೊಡಗಿದ. ಕಾದು ಬಣ್ಣಗೆಟ್ಟ ಬೇರಿಂಗುಗಳನ್ನು ತೆಗೆದು ಹೊಸವನ್ನು ಬಡಿದ, ನಡುವೆ ನಳಿಗೆ ಇಟ್ಟ, ನಟ್ಟು ಬಿಗಿದ. ಗಾಲಿ ತಿರುಗಿಸಿದ. ಅದು ನೀರು ಹರಿದಷ್ಟು ಸಲೀಸಾಗಿ ತಿರುಗಿ ತಾನಾಗಿ ನಿಂತಿತು. ಗುರುಪಾದಯ್ಯ ತಲೆ ತಗ್ಗಿಸಿ ಮೂರು ರೂಪಾಯಿ ಮುಂದೆ ಹಿಡಿದ. ಮಶಾಕಸಾಬ ಮುಷ್ಟಿ ಬಿಚ್ಚಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳಿದ್ದು ಸುಮ್ಮನೆ ಅಲ್ಲ.

ಗುರುಪಾದಯ್ಯ ಗಾಡಿ ಏರಿ, ಒದ್ದು ಚಾಲೂ ಮಾಡಿ ಹೆಂಡತಿಯ ಕಡೆ ನೋಡಿದ. ಇನ್ನು ಭಯವಿಲ್ಲ, ಕೂರು ತಂಗಿ ಎಂದು ಮಶಾಕಸಾಬನೂ ಹೇಳಿದ. ರೇಣುಕವ್ವ ಗಾಲಿಯನ್ನು ನೋಡಿದಳು, ಮಶಾಕಸಾಬನ ಕೈಗಳನ್ನೂ ನೋಡಿದಳು.

"ಛಲೋನ ಮಾಡೀರಿ, ಇಲ್ಲನ್ನಂಗಿಲ್ರಿ. ಆದ್ರ ಕುಂದರಾಕ ನನಗ ಧೈರ್ಯ ಆಗವಲ್ದು. ನಾ ನಡಕೋತ ಬರ್ತೀನಿ."

ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಬಲೇಶ್ವರದ ಕಡೆ ನಡೆದೇಬಿಟ್ಟಳು. ಗುರುಪಾದಯ್ಯ ಗಾಡಿ ಬಂದ್ ಮಾಡಿದ, ಇಳಿದು ದೂಡಿಕೊಂಡು ಅವಳ ಹಿಂದೆ ಹೊರಟ. ಮುಂದೆ ಇನ್ನೊಂದು ಏರು ಬಂತು. ಮಶಾಕಸಾಬ ಓಡಿಬಂದು ಹಿಂದಿನಿಂದ ಗಾಡಿಗೆ ಕೈ ಹಚ್ಚಿದ. ಬೇಡವೆಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.