ದೊಡ್ಡಪ್ಪನ ಕಾರಿಗೆ ಎಣ್ಣೆಸ್ನಾನ

ಹಿಂದಿನ ಎಡ ಚಕ್ರದ ಹಬ್ ಆಕ್ಸಲ್‌ನಿಂದ ಕಳಚಿ ಕೈಗೆ ಬಂದಾಗ ಮೊದಲು ಮೂಗಿಗೆ ಬಡಿದದ್ದು ತೆಂಗಿನೆಣ್ಣೆಯ ವಾಸನೆ. ತುಕ್ಕು, ಬ್ರೇಕಿನ ಕರಿಪುಡಿ, ರಸ್ತೆಯ ಧೂಳು ಎಲ್ಲದರ ಜೊತೆ ವರ್ಷಗಟ್ಟಲೆ ಸಂಸಾರ ಮಾಡಿ ಕಮಟಾದ ಎಣ್ಣೆ. ಠಾಣೆ ಊರಿನ ವರ್ತಕ ನಗರದ ನಮ್ಮ ಹಳೆಯ ಬಿಲ್ಡಿಂಗಿನ ಹಿಂದೆ, ಅದನ್ನು ಕೆಡವಲು ಬಂದವರು ನಿಲ್ಲಿಸಿದ ತಗಡಿನ ಬೇಲಿಯ ಪಕ್ಕ, ನಡುಹಗಲಲ್ಲಿ, ತಲೆ ನರೆತ ನಾನು ನೆಲದ ಮೇಲೆ ಕುಳಿತು ಒಂದು ಕಬ್ಬಿಣದ ತುಂಡನ್ನು ಮೂಸುತ್ತಿದ್ದೆ. ವಾಚ್‌ಮನ್ ನೋಡಿದ, ನೋಡದವನಂತೆ ಮುಂದೆ ಹೋದ. ತಿಳಿದ ಮನುಷ್ಯ.

ಕಾರು ಅಂಗಳ ಖಾಲಿ ಮಾಡಬೇಕಿತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಕಾಗದದಲ್ಲಿ ಅದರ ಒಡೆಯ ಅವರ ಮಗ ಸುರೇಶ. ಕಳಂಬೋಲಿಯಲ್ಲಿ ಅವನ ಮನೆ; ಮನೆಯ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ; ನಾಲ್ಕು ಹೆಜ್ಜೆ ಆಚೆ ಗುಜರಿ ಕಬ್ಬಿಣದ ಸಾಲು ಸಾಲು ಅಂಗಡಿ. ಅವನು ತೀರ್ಪು ಕೊಟ್ಟಿದ್ದ: "ಅಣ್ಣಾ, ಲಾಸ್ಟ್ ಚಾನ್ಸ್. ಕಳಂಬೋಲಿವರೆಗೆ ನಟ್ ಬಿಗಿಯಾಗಿ ಟಿಕಾ ತೋ ಮನೆ. ನಹೀ ತೋ ಸೀದಾ ಭಂಗಾರ್, ಗುಜರಿಗೆ." ಹಿಂದಿನ ಸಲ ಹೊರಡಿಸಿದಾಗ ಮಾಜಿವಾಡಾ ನಾಕಾ ತಲುಪುವ ಮೊದಲೇ ಹಬ್ ಬಿಗಿಯುವ ನಟ್ ಸಡಿಲವಾಗಿತ್ತು. ಅವನ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ನನಗೆ ಸಿಟ್ಟು ಬಂದದ್ದು.

ಆ ನಟ್ ನಮ್ಮ ಬಾಲ್ಯದ ಮುಖ್ಯ ಪಾತ್ರಧಾರಿ. ದೊಡ್ಡಪ್ಪ, ಅಪ್ಪ ಸೇರಿ ವರ್ತಕ ನಗರದಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದರು. ಎರಡು ಸಂಸಾರವೂ ಅದರ ಮೇಲಿನ ಎರಡು ಖೋಲಿಗಳಲ್ಲಿ ಒಂದರ ಮೇಲೊಂದು ಪೇರಿಸಿದ ಇಡ್ಲಿ ತಟ್ಟೆಗಳಂತೆ ವಾಸಿಸುತ್ತಿತ್ತು. ಹೋಟೆಲಿಗೆ ರಜೆಯಿದ್ದ ದಿನ ಮನೆಮಂದಿಯೆಲ್ಲ ಕಾರಿನೊಳಗೆ ತುಂಬಿಕೊಂಡು ವಿಠ್ಠಲವಾಡಿಯಲ್ಲಿದ್ದ ದೊಡ್ಡಮ್ಮನ ತಂಗಿಯ ಮನೆಗೆ ಹೊರಡುತ್ತಿದ್ದೆವು. ಕಲ್ವಾ ಸೇತುವೆ ದಾಟುವಷ್ಟರಲ್ಲಿ ಹಿಂದಿನಿಂದ 'ಕಟಕ್' ಎಂಬ ಸದ್ದು. ದೊಡ್ಡಪ್ಪ ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಡಿಕ್ಕಿಯಿಂದ ಉದ್ದನೆಯ ಪಾನಾ ತೆಗೆದು ನಟ್‌ಗೆ ಸಿಕ್ಕಿಸಿ, ಅದರ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತುಬಿಡುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖದ ಗಾಂಭೀರ್ಯ ಪಟ್ಟಾಭಿಷೇಕಕ್ಕೆ ಒಪ್ಪುವಂಥದ್ದು. ನಾವು ಮಕ್ಕಳು ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಡಬ್ಬಿಯ ಚಕ್ಕುಲಿ ಮುರಿಯುತ್ತಿದ್ದೆವು. "ಇನ್ನು ಇದು ಈ ಜನ್ಮದಲ್ಲಿ ಬಿಚ್ಚುವುದಿಲ್ಲ," ಎಂದು ಅವರು ಘೋಷಿಸುತ್ತಿದ್ದರು. ಮುಂದಿನ ಜನ್ಮ ಸಾಮಾನ್ಯವಾಗಿ ಶಿಳ್‌ಫಾಟಾದ ಹತ್ತಿರ ಶುರುವಾಗುತ್ತಿತ್ತು.

ಆಯುಧಪೂಜೆಯ ಹಿಂದಿನ ದಿನ ಮಾತ್ರ ಕಾರಿಗೆ ರಾಜಮರ್ಯಾದೆ. ಹೋಟೆಲಿನ ಗ್ರೈಂಡರು, ತಕ್ಕಡಿ, ಕಾಫಿ ಪಾತ್ರೆ ಎಲ್ಲ ತೊಳೆದು ಸಾಲಾಗಿಟ್ಟ ಮೇಲೆ ದೊಡ್ಡಪ್ಪ ಹಿಂದಿನ ಚಕ್ರ ಬಿಚ್ಚಿ, ಹಬ್ ಎಳೆದು, ಆಕ್ಸಲ್‌ನ ತುದಿಯನ್ನು ಹಳೆ ಪಂಚೆಯಿಂದ ಕನ್ನಡಿಯಾಗುವವರೆಗೆ ಉಜ್ಜುತ್ತಿದ್ದರು. ಆಮೇಲೆ ದೊಡ್ಡಮ್ಮ ಬಿಸಿಮಾಡಿ ತಂದ ತೆಂಗಿನೆಣ್ಣೆ. ದೊಡ್ಡಪ್ಪ ನಮ್ಮ ನೆತ್ತಿಗೆ ತಟ್ಟುವ ಅದೇ ಅಂಗೈಯಿಂದ ಆ ಕಬ್ಬಿಣಕ್ಕೂ ಹಚ್ಚಿ, ಹಬ್‌ನ ತೂತಿನೊಳಗೆ ಬೆರಳು ಹಾಕಿ ತಿರುಗಿಸಿ, "ಅದಕ್ಕೂ ಮೈಕೈ ನೋಯ್ತದೆ ಮಾರಾಯ," ಎನ್ನುತ್ತಿದ್ದರು. ಗ್ರೈಂಡರು ಎಣ್ಣೆ ಕುಡಿದರೆ ಸರಾಗ ತಿರುಗುತ್ತದೆ; ಕಾರಿಗೆ ಬೇರೆ ಶಾಸ್ತ್ರವೇ? ನಟ್ ಹೆಚ್ಚು ಸಲ ಸಡಿಲವಾದ ವರ್ಷ ಅವರು ಇನ್ನೊಂದು ಚಮಚ ಹೆಚ್ಚಿಗೆ ಹಚ್ಚುತ್ತಿದ್ದರು. ನಟ್ ಅದನ್ನೂ ಪ್ರಸಾದವೆಂದು ಸ್ವೀಕರಿಸಿ ಮತ್ತೂ ಬೇಗ ಸಡಿಲವಾಗುತ್ತಿತ್ತು.

ಅಂಗಳದಲ್ಲಿ ಕೂತಿದ್ದ ನನ್ನ ಕೈಯಿಂದ ಆ ಹಬ್ ಮೀನಿನಂತೆ ನುಣುಚಿ ನೆಲಕ್ಕೆ ಬಿದ್ದಾಗಲೇ ನನ್ನ ಮಂಡೆಗೆ ಬೆಳಕು ಹೊಕ್ಕಿದ್ದು. ಆಕ್ಸಲ್‌ನ ತುದಿ ಮೂಲಂಗಿಯಂತೆ ಸಪೂರವಾಗುತ್ತ ಹೋಗುತ್ತದೆ. ಹಬ್‌ನ ತೂತೂ ಹಾಗೆಯೇ. ಒಣ ಕಬ್ಬಿಣ ಒಣ ಕಬ್ಬಿಣವನ್ನು ಕಚ್ಚಿ ಹಿಡಿಯಬೇಕು. ನಟ್ ಇರುವುದು ಒತ್ತಿ ಕೂರಿಸಲಿಕ್ಕೆ. ನಡುವೆ ಎಣ್ಣೆಯಿದ್ದರೆ ಕಚ್ಚುವುದೆಲ್ಲಿಂದ? ಹಬ್ ಜಾರುತ್ತದೆ, ನಟ್ ಬಿಚ್ಚದಂತೆ ಹಾಕಿದ ಪಿನ್ ತುಂಡಾಗುತ್ತದೆ, 'ಕಟಕ್'. ಇಷ್ಟು ವರ್ಷ ನಮ್ಮನ್ನು ದಾರಿಯಲ್ಲಿ ನಿಲ್ಲಿಸಿದ್ದು ದೊಡ್ಡಪ್ಪನ ಭಕ್ತಿ.

ಸುರೇಶನ ಮನೆಯಲ್ಲಿರುವ ದೊಡ್ಡಮ್ಮನಿಗೆ ಫೋನು ಮಾಡಿದೆ.

"ನನಗೆ ಗೊತ್ತಿತ್ತು," ಎಂದರು. "ಎಣ್ಣೆ ಕೈಯಲ್ಲಿ ಡಬ್ಬಿ ಮುಚ್ಚಳ ಬಿಗಿಯುವುದಕ್ಕೆ ಆಗ್ತದಾ? ಒಂದು ಸಲ ಹೇಳಿದೆ. 'ನೀನು ಸಾಂಬಾರು ನೋಡು' ಅಂದ್ರು. ನೋಡಿದೆ. ಆಮೇಲೆ ಜನ್ಮಪೂರ್ತಿ ಸಾಂಬಾರೇ ನೋಡಿದೆ."

"ಈಗ ಒರೆಸಬೇಕು ದೊಡ್ಡಮ್ಮ. ಅವರು ಹಚ್ಚಿದ್ದೇ ಇದೆ, ಕೊನೆಯ ಸಲದ್ದು."

"ಕಾರು ಬೇಕಾ ಎಣ್ಣೆ ಬೇಕಾ ನಿನಗೆ?" ಎಂದರು ದೊಡ್ಡಮ್ಮ. "ಒರೆಸು. ಅರ್ಧಂಬರ್ಧ ಬೇಡ, ಚೆನ್ನಾಗಿ ಒರೆಸು."

ನಿಮಗೂ ಇಂಥದ್ದೊಂದು ಇದ್ದೀತು: ಉಳಿಸಿಕೊಳ್ಳಬೇಕಾದರೆ ಅದರ ಮೇಲಿನ ಕೈಗುರುತನ್ನೇ ಅಳಿಸಬೇಕಾದ ವಸ್ತು. ಹೋಟೆಲು ಹೋಗಿ ಮೊಬೈಲ್ ಅಂಗಡಿ ಬಂತು, ಒಪ್ಪಿಕೊಂಡೆವು. ಖೋಲಿಗಳು ಹೋದವು, ಬಿಲ್ಡಿಂಗೂ ಹೊರಟಿತು, ಎಲ್ಲರೂ ಸಹಿ ಹಾಕಿದೆವು. ಈ ನಟ್‌ಗೆ ಸೋತೆನೆಂದು ಮಾತ್ರ ಸಹಿ ಹಾಕಲಾರೆ ಎಂದುಕೊಂಡು ಚಿಂದಿಯನ್ನು ಪೆಟ್ರೋಲಿನಲ್ಲಿ ಅದ್ದಿದೆ. ಒಂದೊಂದೇ ಪದರ ಬಂತು, ಅರಸಿನದ ಬಣ್ಣದ್ದು, ಕಾಫಿ ಬಣ್ಣದ್ದು. ಕಣ್ಣು ಉರಿಯಿತು, ಪೆಟ್ರೋಲಿನ ಘಾಟಿಗೆ ಹಾಗಾಗುವುದುಂಟು. ಆಮೇಲೆ ಲೋಹ ಉಜ್ಜುವ ತರಿತರಿಯಾದ ಪೇಸ್ಟ್ ಹಚ್ಚಿ ಹಬ್ ಅನ್ನು ಆಕ್ಸಲ್ ಮೇಲೆ ಅತ್ತಿತ್ತ ತಿರುಗಿಸಿ ಅರೆದೆ. ಹೋಟೆಲಿನವರ ಮನೆಯಲ್ಲಿ ಹುಟ್ಟಿದವನು ಅರೆಯುವುದನ್ನು ಯಾರಿಂದಲೂ ಕಲಿಯಬೇಕಿರಲಿಲ್ಲ. ಎರಡೂ ಲೋಹ ಒಂದೇ ಮಂಕು ಬೂದಿಬಣ್ಣಕ್ಕೆ ತಿರುಗಿದ ಮೇಲೆ ಮತ್ತೆ ಒರೆಸಿ, ಒಣಗಿಸಿ, ಕೂರಿಸಿ, ಪಾನಾದ ಮೇಲೆ ಎರಡೂ ಕಾಲಿಟ್ಟು ನಿಂತೆ. ಹೊಸ ಪಿನ್ ಹಾಕಿ ಬಗ್ಗಿಸಿದೆ. ಯಾವ ಘೋಷಣೆಯನ್ನೂ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಸುರೇಶ ಬಂದು ಪಕ್ಕದ ಸೀಟಿನಲ್ಲಿ ನ್ಯಾಯಾಧೀಶನಂತೆ ಕುಳಿತ. ಮುಂಬ್ರಾ ಬೈಪಾಸಿನ ಏರಿನಲ್ಲಿ ಇಳಿದು ನಟ್‌ಗೆ ಪಾನಾ ಹಾಕಿ ನೋಡಿದ. "ಹಿಲ್ತಾ ನಹೀ, ಅಲ್ಲಾಡೋದೇ ಇಲ್ಲ," ಎಂದ, ಸ್ವಲ್ಪ ಬೇಸರದಿಂದ. ಶಿಳ್‌ಫಾಟಾದಲ್ಲಿ ಮತ್ತೆ ನೋಡಿದ. ತಳೋಜಾ ದಾಟುವಾಗ ನೋಡುವುದನ್ನೇ ಬಿಟ್ಟು, "ಅಣ್ಣಾ, ಯೇ ಪಪ್ಪಾಗೆ ಗೊತ್ತಿದ್ದಿದ್ರೆ?" ಎಂದು ಕೇಳಿದ.

"ನಿನ್ನ ಪಪ್ಪ ಒಪ್ಪುತ್ತಿರಲಿಲ್ಲ," ಎಂದೆ. "ನಮ್ಮಿಬ್ಬರನ್ನೂ ಸಾಂಬಾರು ನೋಡಲಿಕ್ಕೆ ಕಳಿಸುತ್ತಿದ್ದರು."

ಕಳಂಬೋಲಿಯ ಕಬ್ಬಿಣದ ಬಜಾರು ಬಂತು. ನಮ್ಮ ಕಾರನ್ನು ಕಂಡದ್ದೇ ಗುಜರಿ ಅಂಗಡಿಯವರು ಒಬ್ಬೊಬ್ಬರಾಗಿ ಎದ್ದು, ದಾರಿ ತಪ್ಪಿದ ನೆಂಟನನ್ನು ಕರೆಯುವಂತೆ ಕೈ ಬೀಸಿದರು: "ಇಧರ್ ಸೇಠ್, ಇಧರ್! ಅಂದರ್ ಲೇ ಲೋ!" ನಾನು ಎರಡನೇ ಗಿಯರಿಗೆ ಇಳಿಸಿ, ಕಿಟಕಿಯಿಂದ ಕೈ ಹೊರಹಾಕಿ, ಅಂಗಡಿಗೊಂದರಂತೆ ಸಲಾಮು ಮಾಡುತ್ತ ಆ ಸಾಲಿನುದ್ದಕ್ಕೂ ಹೋದೆ. ಸುರೇಶ ಅಡ್ಡ ಬಾಗಿ ಹಾರ್ನ್ ಒತ್ತಿ ಹಿಡಿದ; ಬಿಡಲೇ ಇಲ್ಲ. ಮನೆಯ ತಿರುವಿನಲ್ಲಿ ಹಿಂದಿನಿಂದ ವಾಹನ ಬರುತ್ತಿದೆಯೇ ಎಂದು ಕನ್ನಡಿ ನೋಡಿದೆ. ಒಬ್ಬರ ತೊಡೆಯ ಮೇಲೊಬ್ಬರು ಕೂರುತ್ತಿದ್ದ ಹಿಂದಿನ ಸೀಟು ಪೂರ್ತಿ ಬಿಸಿಲಿನಲ್ಲಿತ್ತು, ಯಾರೂ ಇರಲಿಲ್ಲ.