ಇಪ್ಪತ್ತಾರು ಹುರುಳಿಕಾಳು

ಬೆಳಿಗ್ಗೆ ಎದ್ದ ಕೂಡಲೇ ತಾಮ್ರದ ಚೊಂಬಿನ ನೀರು ಕುಡಿಯುವವರ ಮೇಲೆ ನನಗೇನೂ ದ್ವೇಷವಿಲ್ಲ, ಮಿತ್ರರೇ. ಕುಡಿದು ಸುಮ್ಮನಿದ್ದರೆ ಇನ್ನೂ ಸಂತೋಷ. ವಿನೋಬನಗರದ ನಮ್ಮಕ್ಕ ಸುಮ್ಮನಿರುವವಳಲ್ಲ. ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುವ ಈಕೆ, ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಡಬ್ಬಿಯಲ್ಲಿ ಮುಚ್ಚಿಟ್ಟು, ಚೊಂಬಿನ ನೀರು ಗಟಗಟ ಕುಡಿದು, “ಎಲ್ಲಾ ಲೋಹನೇ ಕಣೋ, ಒಳಗೆ ಹೋದ್ಮೇಲೆ ಮೈಗೆ ಬೇಕಾದ್ದು ಆಗತ್ತೆ” ಎನ್ನುತ್ತಾಳೆ.

ಆಗುತ್ತದಂತೆ! ಭದ್ರಾವತಿಯ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಕಬ್ಬಿಣದ ಚೂರುಗಳನ್ನು ಆಮ್ಲದಲ್ಲಿ ಕರಗಿಸಿ, ಅದರೊಳಗೆ ಏನೇನು ಎಷ್ಟೆಷ್ಟಿದೆಯೆಂದು ಅಳೆದು ಬರೆದವನ ಒಡಹುಟ್ಟಿದವಳ ಬಾಯಲ್ಲಿ ಈ ಮಾತು. ಪರಮಾಣುವಿಗೂ ಒಂದು ಗರ್ಭಗುಡಿಯಿದೆ, ನ್ಯೂಕ್ಲಿಯಸ್ ಎಂದು ಅದರ ಹೆಸರು. ಅಲ್ಲಿ ಇಪ್ಪತ್ತಾರು ಪ್ರೋಟಾನುಗಳಿದ್ದರೆ ಅದು ಕಬ್ಬಿಣ, ಇಪ್ಪತ್ತೊಂಬತ್ತಿದ್ದರೆ ತಾಮ್ರ. ಕುಲುಮೆಯಲ್ಲಿ ಕಾಯಿಸಿ, ಸುತ್ತಿಗೆಯಿಂದ ಬಡಿಯಿರಿ, ಹೊರಗೆ ಪ್ರದಕ್ಷಿಣೆ ಹಾಕುವ ಎಲೆಕ್ಟ್ರಾನುಗಳಲ್ಲಿ ಎರಡು ಮೂರನ್ನು ಕಿತ್ತುಕೊಂಡು ತುಕ್ಕು ಹಿಡಿಸಿ, ಒಳಗಿನ ಇಪ್ಪತ್ತಾರು ಮಾತ್ರ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಮನುಷ್ಯರ ಜಠರಕ್ಕೆ ಪ್ರೋಟಾನು ಕಳೆದು ಕೂಡುವ ವಿದ್ಯೆ ಬರುವಂತಿದ್ದರೆ ಪೇಟೆಯ ಚಿನ್ನದಂಗಡಿಯವರೆಲ್ಲ ಅಕ್ಕನ ಮನೆಯ ಮುಂದೆ ಸಾಲು ನಿಲ್ಲುತ್ತಿದ್ದರು.

ವಾರಕ್ಕೊಮ್ಮೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿ ಇದನ್ನೇ ಹೇಳಿದೆ. ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಒಮ್ಮೆ ತಟ್ಟೆಯಲ್ಲಿ ಹುರುಳಿಕಾಳು ಎಣಿಸಿ, ಇಪ್ಪತ್ತಾರರದೊಂದು, ಇಪ್ಪತ್ತೊಂಬತ್ತರದೊಂದು ಗುಡ್ಡೆ ಮಾಡಿ ತೋರಿಸಿದೆ. ಆಕೆ ಎರಡನ್ನೂ ಬಳಿದು ನಾಳೆಯ ಸಾರಿಗೆಂದು ನೆನೆಹಾಕಿದಳು.

ಕಳೆದ ಭಾನುವಾರ ತಾಳ್ಮೆಗೆಟ್ಟು, “ಸಾಯ್ಬೇಕು ಅಂತಿದೀಯೇನಕ್ಕಾ?” ಎಂದು ಕಿರುಚಿಬಿಟ್ಟೆ. ಅಕ್ಕ ಮಾತ್ರೆಯ ಡಬ್ಬಿ ತಂದು ನನ್ನ ಮುಂದಿಟ್ಟಳು.

“ಒಂದು ವಾರ ನುಂಗಿದ್ದೆ ಮಾರಾಯ. ಹೊರಗೆ ಹೋಗಿದ್ದೆಲ್ಲ ಕರ್ರಗಾಯ್ತು, ಡಾಂಬರಿನ ಹಂಗೆ. ಅಮ್ಮಂಗೂ ಕೊನೇಲಿ ಹಂಗೇ ಆಗಿತ್ತು. ನಿಂಗೆಲ್ಲಿ ಗೊತ್ತಿರತ್ತೆ, ನೀನು ಡ್ಯೂಟೀಲಿದ್ದೆ. ತೊಳೆದೋಳು ನಾನು.”

ಕಬ್ಬಿಣದ ಮಾತ್ರೆ ನುಂಗಿದವರಿಗೆ ಮಲ ಕಪ್ಪಾಗುವುದು ಸಾಮಾನ್ಯ ಎಂಬುದು ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ಪಾಠ ಹೇಳಿದವನು, ಆಕೆಗೆ ಏಕೆ ಬೇಡವೆಂದು ಒಂದು ದಿನವೂ ಕೇಳಿರಲಿಲ್ಲ. ಅಲ್ಲಿಯವರೆಗೆ ಅವಳ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಡಾಕ್ಟರಿಗೆ ಫೋನು ಮಾಡಿ, ನಡೆದದ್ದನ್ನು ವಿವರಿಸಿ, ಅದು ಮಾತ್ರೆಯ ಕಪ್ಪು, ಹೊಟ್ಟೆಯೊಳಗೆ ರಕ್ತ ಸೋರಿದ ಕಪ್ಪಲ್ಲ ಎಂದು ಅವರ ಬಾಯಿಂದಲೇ ಅಕ್ಕನಿಗೆ ಹೇಳಿಸಿದೆ.

ಅಕ್ಕ ಫೋನು ನನ್ನ ಕೈಗೆ ಕೊಟ್ಟು, “ಅಮ್ಮ ಇಂಥ ಮಾತ್ರೆ ನುಂಗ್ತಿರಲಿಲ್ಲ. ಹಂಗಾದ್ರೆ ಅಮ್ಮಂದು ರಕ್ತನೇನೋ?” ಎಂದಳು.

ಹೌದು ಎಂದು ಹೇಳಿ, ಚೊಂಬಿನ ನೀರು ಬಗ್ಗಿಸಿ ಕೊಟ್ಟೆ. ಆಕೆ ಮಾತ್ರೆ ಬಾಯಿಗೆ ಹಾಕಿಕೊಂಡು, ಅಳುತ್ತಲೇ ನುಂಗಿದಳು.